ಪಾರವ್ವನ ಕರೆಂಟಿನ ಕಾಯಿದೆ

ಮುಂಬಯಿ ಪಕ್ಕದ ಠಾಣೆ ನಗರದ ವಿದ್ಯುತ್ ತಪಾಸಣೆ ಕಚೇರಿಯಲ್ಲಿ ನಾನು ಕಾರಕೂನ. ಊರಿಗೆ ಕಾಗದ ಬರೆಯುವಾಗ ಮಾತ್ರ ‘ಕರೆಂಟ್ ಸಾಹೇಬ’. ಆದರೆ ಈ ಸಾಹೇಬ ವಾಸವಾಗಿದ್ದ ಸಾಲುಮನೆಗಳ ಚಾಳಿಗೆ ೧೯೮೨ನೇ ಇಸವಿ ಬಂದರೂ ಸರ್ಕಾರಿ ಕಂಬ ಬಂದಿರಲಿಲ್ಲ. ಡೊಂಬಿವಲಿಯ ಪೂರ್ವದ ಅಂಚಿನ ಆ ಚಾಳಿಗೆ ಬೆಳಕು ಕೊಡುತ್ತಿದ್ದವಳು ಅಥಣಿ ಕಡೆಯ ಪಾರವ್ವ.

ಗಂಡ ತೀರಿದ ಮೇಲೆ ಎಮ್ಮೆ ಕಟ್ಟಿ ಹಾಲು ಮಾರಿ ಬದುಕಿದವಳು. ಎಮ್ಮೆಗಳ ಕೊಟ್ಟಿಗೆ, ಅಂದರೆ ತಬೇಲದ ಹಿಂದೆ ಗೋಬರ್ ಗ್ಯಾಸಿನ ಗುಂಡಿ ತೋಡಿಸಿದಳು. ಆ ಗ್ಯಾಸಿಗೆ ಕೊಂಚ ಡೀಸೆಲ್ ಸೇರಿಸಿ ಮೇವು ಕತ್ತರಿಸುವ ಇಂಜಿನ್ ಓಡಿಸಿದಳು. ಇಂಜಿನ್ನಿಗೆ ಹಳೆಯ ಡೈನಮೊ ಕಟ್ಟಿಸಿ, ಬಿದಿರ ಗಳುಗಳ ಮೇಲೆ ತಂತಿ ಎಳೆಸಿದಳು. ಮನೆಗೊಂದು ಬಲ್ಬು. ದುಡ್ಡಿಲ್ಲ, ಬದಲಿಗೆ ಪ್ರತಿ ಮನೆಯವರೂ ಪಾಳಿಯಂತೆ ಬಂದು ಸೆಗಣಿ ಕಲೆಸಬೇಕು. ಯಾರಾದರೂ ಕದ್ದು ಇಸ್ತ್ರಿ ಹಚ್ಚಿದರೆ ಇಡೀ ಚಾಳಿನ ಬಲ್ಬುಗಳು ಕೆಂಪಗೆ ಮಂಕಾಗುತ್ತಿದ್ದವು. ಹಚ್ಚಿದವರಿಗೆ ಮೂರು ಪಾಳಿ ಹೆಚ್ಚು. ನೌಕರಿಗೆ ಸೇರುವ ಮುನ್ನಾದಿನ ಅಂಗಿಗೆ ಇಸ್ತ್ರಿ ಹಾಕಲು ಹೋಗಿ ನಾನೂ ಕಲೆಸಿದ್ದೇನೆ. ಕಚೇರಿಯಲ್ಲಿ ಪಕ್ಕದ ಮೇಜಿನವರು ಮೊದಲ ದಿನವೇ ವಾಸನೆ ತಾಳದೆ ಕಿಟಕಿ ತೆರೆದರು.

ಯಾರೋ ದೂರು ಕೊಟ್ಟರು: ಪರವಾನಗಿ ಇಲ್ಲದೆ ಕರೆಂಟು ಹಂಚುತ್ತಿದ್ದಾರೆ. ನಮ್ಮ ಇನ್‌ಸ್ಪೆಕ್ಟರ್, ಉಡುಪಿಯ ವಿಷ್ಣುಮೂರ್ತಿಯವರು, ಸೀಲಿನ ಅರಗನ್ನು ಚೀಲಕ್ಕೆ ಹಾಕಿಕೊಂಡರು. “ಬಾಳಪ್ಪ, ನಿಮಗೆ ಡೊಂಬಿವಲಿ ಗೊತ್ತುಂಟಲ್ಲ? ಬನ್ನಿ ಮಾರಾಯ್ರೆ.” ಅಲ್ಲಿ ನನ್ನ ಬಲ್ಬೂ ಇದೆ ಎಂದು ಲೋಕಲ್ ರೈಲಿನಲ್ಲೇ ಹೇಳಬಹುದಿತ್ತು. ಆ ನೂಕುನುಗ್ಗಲಿನಲ್ಲಿ ಬಾಯಿ ತೆರೆಯಲು ಜಾಗವಿರಲಿಲ್ಲ ಎಂದುಕೊಂಡು ಸುಮ್ಮನಾದೆ.

ಪಾರವ್ವ ನನ್ನನ್ನು ಕಂಡವಳೇ, “ಬಾಳು, ನಾಳೆ ಸಗಣಿ ಪಾಳಿ ನಿಂದೈತಿ, ಮರ್ತೀ ಮತ್ತ!” ಎಂದಳು. ಸಾಹೇಬರು ನನ್ನತ್ತ ನೋಡಿದರು. ನಾನು ಎಮ್ಮೆಯತ್ತ ನೋಡಿದೆ.

“ನೋಡಿ ಅಮ್ಮ, ಪರವಾನಗಿ ಇಲ್ಲದೆ ಹೀಗೆ ಕರೆಂಟ್ ಕೊಡ್ಲಿಕ್ಕಿಲ್ಲ. ಇವತ್ತೇ ಬಂದ್ ಮಾಡ್ಬೇಕು.”

“ಮಾಡ್ರಿ. ಹುಡುಗ್ರ ಪರೀಕ್ಷಾ ಬಂದಾವ. ಅಷ್ಟರಾಗ ನಿಮ್ಮ ಕಂಬ ಹಾಕಸ್ತೀರೇನು?”

“ಅದು ನಮ್ಮ ಖಾತೆ ಅಲ್ಲ.”

“ಬಂದ್ ಮಾಡೂದಷ್ಟ ನಿಮ್ಮ ಖಾತೇನ್ರಿ?”

ಸಾಹೇಬರು ತಂತಿಯ ಮೇಲೆಯೇ ಕಣ್ಣಿಟ್ಟು ನಡೆದರು. ಕಾಲು ಸೀದಾ ಸೆಗಣಿ ಕಲೆಸುವ ತೊಟ್ಟಿಗೆ, ಮೊಣಕಾಲವರೆಗೆ.

ಅವರಿಗೆ ನನ್ನ ಲುಂಗಿ ಕೊಟ್ಟೆ. ಪಕ್ಕದ ಮನೆಯ ಉಮಾವತಿ (ಗಂಡನಿಗೆ ಠಾಣೆಯ ಕೋಪರಿ ಬಡಾವಣೆಯ ಉಡುಪಿ ಹೋಟೆಲಿನಲ್ಲಿ ಕೆಲಸ) ಸಾಹೇಬರು ತನ್ನೂರಿನ ಕಡೆಯವರೆಂಬ ಅಭಿಮಾನದಿಂದ ಪ್ಯಾಂಟು ಒಗೆದು ಕೊಟ್ಟೇನೆಂದಳು. ಅಷ್ಟರಲ್ಲಿ ಸಂಜೆಯಾಗಿ ಇಂಜಿನ್ ಶುರುವಾಯಿತು. ಬಲ್ಬುಗಳು ಹತ್ತಿದವು, ಹತ್ತಿದ ಕೆಲ ಹೊತ್ತಿಗೇ ಎಲ್ಲವೂ ಕೆಂಪಾದವು.

“ಯಾವಾಕಿನೇ ಅದು, ಇಸ್ತ್ರಿ ಹಚ್ಚಿದಾಕಿ?” ಪಾರವ್ವನ ಕೂಗಿಗೆ ಎಮ್ಮೆಗಳೂ ತಲೆಯೆತ್ತಿದವು.

ಉಮಾವತಿ ಪ್ಯಾಂಟು ಹಿಡಿದೇ ಹೊರಗೆ ಬಂದಳು. “ಸಾಹೇಬ್ರದ್ದು ಪಾರಕ್ಕ! ಒದ್ದೆ ಪ್ಯಾಂಟಲ್ಲಿ ಕಳಿಸ್ಲಿಕ್ಕಾಗ್ತದಾ?”

“ಪ್ಯಾಂಟ್ ಯಾರದರ ಇರಲಿ, ಇಸ್ತ್ರಿ ನಿಂದು. ಮೂರು ಪಾಳಿ.”

ನಾನು ಪಾರವ್ವನ ಕಿವಿಯಲ್ಲಿ ಉಸುರಿದೆ: “ಸೀಲ್ ಹಾಕಾಕ ಬಂದಾರವಾ. ಇವತ್ತೊಂದಿನ ಬಿಡು.”

“ಇವತ್ತ ಅವರಿಗೆ ಬಿಟ್ರ ನಾಳೆ ನಿನಗೂ ಬಿಡಬೇಕಾಗತೈತಿ. ಆಮ್ಯಾಲ ಯಾರಿಗೂ ಬೆಳಕಿಲ್ಲ.” ಚಾಳಿಗೆಲ್ಲ ಕೇಳುವಂತೆ ಹೇಳಿದಳು.

ಲುಂಗಿಯುಟ್ಟು ಕಟ್ಟೆಯ ಮೇಲೆ ಕೂತಿದ್ದ ಸಾಹೇಬರು ಹೊಟ್ಟೆ ಹಿಡಿದು ನಕ್ಕರು. “ಇಷ್ಟು ಖಡಕ್ಕಾಗಿ ನಾವೂ ನಡೆಸುದಿಲ್ಲ ಮಾರಾಯ್ರೆ! ಅಮ್ಮ, ಸೀಲ್ ಬೇಡ. ಆದ್ರೆ ಬಿದಿರು ತೆಗೆದು ಗಟ್ಟಿ ಕಂಬ ಹಾಕ್ಬೇಕು, ಮೇನ್ ಸ್ವಿಚ್ ಬೇಕು, ಅರ್ಥಿಂಗ್ ಬೇಕು. ಪರೀಕ್ಷೆ ಮುಗಿಯುವುದರೊಳಗೆ ಮಾಡಿಸಿ. ಪರವಾನಗಿಗೆ ನಾನೇ ಶಿಫಾರಸು ಬರೀತೇನೆ.”

“ಮಾಡಸ್ತೀನ್ರಿ,” ಎಂದಳು ಪಾರವ್ವ. “ಆದ್ರ ಆಕಿ ಮೂರು ಪಾಳಿ ಹಂಗ ಅದಾವ.”

“ಪ್ಯಾಂಟ್ ನನ್ನದಲ್ವಾ? ಒಂದು ನಾನು ಮಾಡ್ತೇನೆ.” ಸಾಹೇಬರು ಲುಂಗಿ ಮೇಲೆ ಕಟ್ಟಿ, ಕೋಲು ಹಿಡಿದು ತೊಟ್ಟಿಗೆ ಬಗ್ಗಿದರು.

ಪಾರವ್ವ ಬಂದು ಇಣುಕಿದಳು. “ಗಂಟು ಹಂಗ ಉಳದಾವಲ್ರಿ ಸಾಹೇಬ್ರ! ಬಾಳು, ನಿಂತು ಏನ್ ನೋಡ್ತಿ? ಹ್ಯಾಂಗಂತ ತೋರ್ಸು ಅವರಿಗೆ.”

ನಾನು ಪ್ಯಾಂಟಿನ ಕಾಲು ಮಡಚಿದೆ.