ಸಾರಿನ ಬಣ್ಣ

ಬ್ಯಾಡಗಿಯ ನಮ್ಮ ಪಕ್ಕದ ಮನೆಯ ಅಜ್ಜಿ ಸಾರಿನ ರುಚಿಯನ್ನು ಕಣ್ಣಲ್ಲೇ ನೋಡುತ್ತಿದ್ದರು. ಸೌಟನ್ನು ಬೆಳಕಿಗೆ ಹಿಡಿದು, "ಈಗಿನ ಮೆಣಸಿನಕಾಯಾಗ ಬಣ್ಣನ ಇಲ್ಲ ಬಿಡ್ರಿ" ಎಂದು ಇನ್ನೊಂದು ಚಮಚ ಖಾರಪುಡಿ ಸುರಿಯುತ್ತಿದ್ದರು. ಎದುರಾಡುವ ಧೈರ್ಯವಿಲ್ಲದೆ ಮನೆಯವರೆಲ್ಲ ಮೂಗು ಒರೆಸಿಕೊಳ್ಳುತ್ತ ಉಣ್ಣುತ್ತಿದ್ದರು. ಕರೆದಾಗ ನಾನೂ ಉಂಡಿದ್ದೇನೆ. ನಮ್ಮೂರ ಕಾಯಿಗೆ ಖಾರ ಕಡಿಮೆ, ಅದಕ್ಕೇ ಬದುಕಿದ್ದೇನೆ.

ಕೊನೆಗೆ ಹಾವೇರಿಯ ಡಾಕ್ಟರು ಅಜ್ಜಿಯ ಕಣ್ಣಿನ ಪೊರೆ ತೆಗೆದರು. ಪೊರೆ ಬಂದ ಕಣ್ಣಿಗೆ ಕೆಂಪೂ ಮಾಸಲಾಗಿ ಕಾಣುತ್ತದೆ ಎಂದರು. ಮನೆಗೆ ಬಂದ ಅಜ್ಜಿ ಸಾರು ನೋಡಿ ಬೆಚ್ಚಿದರು.

"ಇಷ್ಟ್ಯಾಕ ಕೆಂಪಗ ಮಾಡೀಯವ್ವಾ?"

"ನೀವು ಹಾಕೂವಷ್ಟ ಹಾಕೇನ್ರಿ ಅತ್ತಿ," ಎಂದಳು ಸೊಸೆ.

ಅಜ್ಜಿ ಊಟಕ್ಕೆ ಕೂತ ನಮ್ಮೆಲ್ಲರತ್ತ ತಿರುಗಿದರು.

"ನನಗರ ಕಣ್ಣಾಗ ಪೊರಿ ಬಂದಿತ್ತು. ನಿಮಗ ನಾಲಿಗಿ ಮ್ಯಾಲ ಬಂದಿತ್ತೇನು?"