ಕಾರು ಶೆಡ್ಡಿನಲ್ಲಿ ಸೂರಮ್ಮನ ಹೊಗೆ

ಪವಿತ್ರ ಮೊದಲ ಸಲ ಸೂರಮ್ಮನನ್ನು ಕಂಡದ್ದು ಏಳು ವರ್ಷದ ಹಿಂದೆ, ಒಂದು ಭಾನುವಾರ. ಗಂಡಿನ ಮನೆ ನೋಡಲು ಹುಡುಗಿ ಹೋಗುವ ಪದ್ಧತಿ ಇರಲಿಲ್ಲ. ಆದರೆ ಬಿ.ಎ. ಮುಗಿಸಿದ್ದ ಪವಿತ್ರ, ಬಾಳಬೇಕಾದ ಮನೆಯನ್ನು ತಾನೇ ನೋಡುತ್ತೇನೆಂದು ಹಠ ಹಿಡಿದು, ಚಳ್ಳಕೆರೆಯಿಂದ ಅಪ್ಪನ ಜೊತೆ ಕೊಂಡ್ಲಹಳ್ಳಿಗೆ ಬಂದಿದ್ದಳು.

ಅತ್ತೆಯಾಗಬೇಕಾದವಳು ಎದ್ದು ಬರಲಿಲ್ಲ. ಒಲೆಮನೆಯ ಹೊಸ್ತಿಲ ಬಳಿ ಕಾಲು ಮಡಚಿ ಕೂತಿದ್ದಳು. ಅಂಗೈಯೆಲ್ಲ ಅರಿಶಿನ, ಮೊಣಕೈಗೆ ಅಂಟಿದ ಉಪ್ಪಿನ ಹರಳು. ಮುಷ್ಟಿಗಾತ್ರದ ಕುರಿ ಮಾಂಸವನ್ನು ಚಾಕುವಿನಿಂದ ಸುತ್ತಲೂ ಸೀಳುತ್ತ, ಎಲ್ಲೂ ಹರಿಯದಂತೆ ಒಂದೇ ಪಟ್ಟಿಯಾಗಿ ಬಿಡಿಸುತ್ತಿದ್ದಳು.

“ಕುತ್ಕಳ್ರಣ್ಣ, ಕೈ ಬಿಡುವಿಲ್ಲ,” ಎಂದು ಅಪ್ಪನಿಗೆ ಹೇಳಿ, ಪವಿತ್ರಳ ಕಡೆ ತಿರುಗಿದಳು. “ಏ ಹುಡ್ಗಿ, ಈ ತುದಿ ಹಿಡ್ಕ. ಎಳೀಬ್ಯಾಡ, ಹರೀತೈತೆ. ಬಿಡ್ಲೂ ಬ್ಯಾಡ, ಮಣ್ಣಾಗ್ತೈತೆ.”

ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಪವಿತ್ರ ಹಿಡಿದಳು. ಪಟ್ಟಿ ಮಾರುದ್ದ ಆಯಿತು. ಹರಿಯಲಿಲ್ಲ.

“ಹಿಡಿತ ಐತೆ ನಿಂಗೆ,” ಎಂದಳು ಸೂರಮ್ಮ. ಸಂಬಂಧ ಅವತ್ತೇ ಗಟ್ಟಿಯಾಯಿತು.

ಸೂರಮ್ಮ ಹೀಗೆ ಮಾಂಸ ಸೀಳಿ ಒಣತುಣುಕು ಮಾಡುವುದು ಮಾರುವುದಕ್ಕಲ್ಲ. ಮನೆಗೆ ಫ್ರಿಜ್ ಬಂದಿದೆ, ರಾಂಪುರಕ್ಕೆ ಹೋದರೆ ಮಟನ್ ಸಿಗುತ್ತದೆ. ಆದರೂ ಅವಳಿಗೆ ಅದೊಂದು ಹುಚ್ಚು. ಉಪ್ಪು, ಅರಿಶಿನ, ಖಾರ ಸವರಿ ಎರಡು ದಿನ ಬಿಸಿಲಿಗಿಟ್ಟು, ಆಮೇಲೆ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ ಶೇಂಗಾ ಸಿಪ್ಪೆಯ ಹೊಗೆ ಕೊಡುತ್ತಾಳೆ. ಜಾಲಿ ಕಟ್ಟಿಗೆ ಹಾಕಿದರೆ ಉರಿ ಎದ್ದು ತುಣುಕು ಬೇಯುತ್ತದೆ. ಸಿಪ್ಪೆ ಹಾಗಲ್ಲ, ಮುನಿಸಿಕೊಂಡವರಂತೆ ಒಳಗೊಳಗೇ ಹೊಗೆಯಾಡುತ್ತದೆ. ಕೋಳಿ ಆ ಮನೆಯ ಹೊಸ್ತಿಲು ದಾಟುವಂತಿಲ್ಲ, ಅದು ಕುಲದ ಕಟ್ಟು. ಹಾಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಕೆಂಡದಲ್ಲಿ ಸುಟ್ಟು ಜಜ್ಜಿದ ತುಣುಕು, ಜೊತೆಗೆ ಮುದ್ದೆ.

ಹೋದ ವರ್ಷ ಮಗ ಓಬಳೇಶ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಅವನಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸ. ಅಂಗಳದ ಒಲೆಮನೆ ಕೆಡವಿ ಕಾರಿಗೆ ಶೆಡ್ ಹಾಕೋಣವೇ ಎಂದು ಹೆಂಡತಿಯನ್ನು ಕೇಳಿದ. ತಲೆಗೂದಲಿನ ಹೊಗೆ ವಾಸನೆಗೆ ಬೇಸತ್ತಿದ್ದ ಪವಿತ್ರ ಹೂಂ ಎಂದು ತಲೆಯಾಡಿಸಿದಳು. ಸೂರಮ್ಮ ಮೂರು ದಿನ ತವರಿಗೆ ಹೋದಾಗ ಮುಂದಿನ ಗೋಡೆ, ಚಾವಣಿ, ಒಲೆ ಎಲ್ಲ ಹೋದವು. ಹಿಂದಿನ ಎರಡು ಗೋಡೆ ಉಳಿಸಿಕೊಂಡು ಕಬ್ಬಿಣದ ಪೈಪು, ತಗಡು ಬಂದವು.

ತಿರುಗಿ ಬಂದ ಸೂರಮ್ಮ ಕಂಕುಳ ಗಂಟು ಇಳಿಸದೆ ನೋಡಿದಳು. “ಯಾರನ್ನ ಕೇಳಿ ಕೆಡವಿದ್ರಿ?”

“ಗ್ಯಾಸ್ ಐತಲ್ಲವ್ವ,” ಎಂದ ಓಬಳೇಶ.

“ಗ್ಯಾಸಿನಾಗ ಹೊಗೆ ಬರ್ಸು, ನೋಡಾನ.”

ಪವಿತ್ರ ನೆಲ ನೋಡಿದಳು.

ಮುಂದಿನ ಭಾನುವಾರ ಸೂರಮ್ಮ ಶೆಡ್ಡಿನ ಪೈಪಿಗೇ ಹಗ್ಗ ಕಟ್ಟಿ, ಕಾರಿನ ನೆತ್ತಿಯ ಮೇಲೆ ತುಣುಕು ತೂಗಹಾಕಿದಳು. ಒಡಕು ಗಡಿಗೆಯಲ್ಲಿ ಸಿಪ್ಪೆ ಹೊತ್ತಿಸಿದಳು. ಗಾಳಿ ತಡೆಯಲು ಹಳೆಯ ಎರಡು ಗೋಡೆ ಸಾಕಾಯಿತು. ಸೋಮವಾರ ಮಿಲ್ಲಿನಲ್ಲಿ ಗೆಳೆಯ ಚಿರಂಜೀವಿ ಕಾರಿನ ಬಾಗಿಲು ತೆಗೆದವನೇ ಮೂಗು ಅರಳಿಸಿದ. “ಏನ್ಲೇ ಓಬಳೇಶ, ಡಿಕ್ಕಿಯಾಗ ಒಲೆ ಇಟ್ಕಂಡೀಯೇನ್ಲೇ? ಮುದ್ದೆ ಎಲ್ಲೈತೆ?”

ಸಂಜೆ ಓಬಳೇಶ ಕೆರಳಿ ಬಂದ. “ಅವ್ವಾ, ಸೀಟೆಲ್ಲ ಬಾಡಿನ ವಾಸ್ನೆ!”

“ನನ್ನ ಒಲೆ ಜಾಗದಾಗ ನಿಲ್ಸಿದ್ರೆ ಮಲ್ಲಿಗೆ ವಾಸ್ನೆ ಬರ್ತೈತಾ?”

“ಹಗ್ಗ ಬಿಚ್ತೀನಿ.”

“ಬಿಚ್ಚು. ನಾಳೆ ಮತ್ತೆ ಕಟ್ತೀನಿ. ಮಿಲ್ಲಿಗೆ ಹೋಗೋನು ನೀನು, ನಾನಲ್ಲ.”

ಓಬಳೇಶ ಗಂಟು ಬಿಚ್ಚಿ, “ಪವಿತ್ರ, ಈ ತುದಿ ಹಿಡಿ,” ಎಂದ. ಪವಿತ್ರ ಹಿಡಿದಳು. ಹಿಡಿದು, ಮತ್ತೆ ಅದೇ ಪೈಪಿಗೆ ಸುತ್ತಿದಳು.

“ಕಾರು ಬೀದಿಯಾಗ ನಿಲ್ಸ್ರಿ. ಅವತ್ತು ನಾನು ತಲೆ ಆಡ್ಸಬಾರದಾಗಿತ್ತು.”

ಸೂರಮ್ಮ ಹೊಗಳಲಿಲ್ಲ. “ಗಂಟು ಸಡ್ಲ ಆತು, ಬಿಗಿ,” ಎಂದಳು.

ಈಗ ಕಾರು ಬೀದಿಯ ಬೇವಿನಡಿ ನಿಲ್ಲುತ್ತದೆ. ಸೂರಮ್ಮ ಹದಿನೈದು ದಿನಕ್ಕೊಮ್ಮೆ ಆ ಶೆಡ್ಡಿನಲ್ಲಿ ತುಣುಕು ಕಟ್ಟಿ ಹೊಗೆ ಹಾಕುತ್ತಾಳೆ.