ಸೇರಿಸಿ ತೋರಿಸಬೇಕಾದ ಲೆಕ್ಕ

ಡಿಸೆಂಬರ್ ಹದಿನಾರು, ಸೋಮವಾರ. ಆಧಾರ: ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆಗೆ ಹೋಗುವ ರಸ್ತೆಯ ಪಕ್ಕದ ಹೊಲವೊಂದರ ಬದುವಿನಲ್ಲಿರುವ ಸಮಾಧಿ ಕಲ್ಲು. ಅಕ್ಷರಗಳು ಸವೆದಿದ್ದವು. ಶಾಸನಗಳನ್ನು ಓದುವ ಕಸುಬಿನಲ್ಲಿ ಆಯುಷ್ಯ ಕಳೆದವನಾದ್ದರಿಂದ, ಅಭ್ಯಾಸದಂತೆ ಸೀಮೆಸುಣ್ಣವನ್ನು ಪುಡಿಮಾಡಿ ಕಲ್ಲಿಗೆ ಸವರಿದೆ. ಆ ಪುಡಿಯ ವಾಸನೆ ಮೂಗಿಗೆ ಬಡಿದೊಡನೆ ಅಂಕಿಗಳನ್ನು ಓದುವುದನ್ನು ಬಿಟ್ಟು ಬದುವಿನ ಮೇಲೆ ಕುಳಿತುಬಿಟ್ಟೆ. ಮೊಣಕಾಲುಗಳಿಗೂ ಅದೇ ಬೇಕಾಗಿತ್ತು...

ಆ ಕಲ್ಲು ನಮ್ಮ ಗಣಿತದ ಮೇಷ್ಟ್ರ ತಮ್ಮನದು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಚಿನ್ನದ ಗಣಿಯ ಊರಿನಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಮೇಷ್ಟ್ರು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದರು. ಅವರೇ ಸಾಕಿ ಬೆಳೆಸಿದ ತಮ್ಮ ಅದೇ ರೈಲುಡಬ್ಬಿಯಲ್ಲಿ ಬಂದು, ಸ್ಟೇಷನ್ನಿನಲ್ಲಿ ಅಣ್ಣನ ಊಟದ ಕ್ಯಾರಿಯರನ್ನು ಕೈಗೆ ಕೊಟ್ಟು, ಮೈಸೂರು ಮೈನ್ಸ್ ಕಡೆಗೆ ತಿರುಗಿ ಗಣಿಯೊಳಕ್ಕೆ ಇಳಿಯುತ್ತಿದ್ದ. ಮೇಷ್ಟ್ರ ಪಾಠ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ, ಕೋಪ ತೆಲುಗಿನಲ್ಲಿ.

ಬೀಜಗಣಿತ ಮಂಗಳವಾರ ಮಾತ್ರ ಇರುತ್ತಿತ್ತು. ಆ ವರ್ಷ ಅವರು ಹೆಚ್ಚು ಕಾಲ ನಿಂತದ್ದು ಆಂಶಿಕ ಭಿನ್ನರಾಶಿಗಳ ಮೇಲೆ. ದೊಡ್ಡದೊಂದು ಭಿನ್ನರಾಶಿಯ ಛೇದವನ್ನು ಅಪವರ್ತನಗಳಾಗಿ ಬಿಡಿಸಿ, ಒಂದೊಂದು ಅಪವರ್ತನದ ಮೇಲೂ ಒಂದೊಂದು ಚಿಕ್ಕ ಭಿನ್ನರಾಶಿಯನ್ನು ನಿಲ್ಲಿಸುವ ಕ್ರಮವದು. ಬೇರೆಯವರು ಅಲ್ಲಿಗೆ ಮುಗಿಸುತ್ತಿದ್ದರು. ಇವರು ಒಡೆದ ಚೂರುಗಳನ್ನು ಮತ್ತೆ ಕೂಡಿಸಿ ಮೊದಲಿನದೇ ಬಂತೆಂದು ತೋರಿಸುವವರೆಗೂ ಸರಿ ಗುರುತು ಹಾಕುತ್ತಿರಲಿಲ್ಲ.

“ಒಡೆಯೋದು ಯಾವನಾದ್ರೂ ಒಡೀತಾನೆ ಕಣ್ಲಾ, ಸೇರ್ಸಿ ತೋರ್ಸು,” ಎನ್ನುತ್ತಿದ್ದರು. ತಡವರಿಸಿದವನಿಗೆ, ಬೇತಮಂಗಲದ ಕೆರೆಯ ನೀರು ಈ ಊರಿನ ನಲ್ಲಿಗಳಿಗೆ ಇಷ್ಟು ದೂರ ಹರಿದು ಬಂದರೂ ನಿನ್ನ ಮಂಡೆ ಮಾತ್ರ ನೆನೆಯಲಿಲ್ಲವಲ್ಲ ಎಂಬ ಮೂದಲಿಕೆ ಕಾದಿರುತ್ತಿತ್ತು.

ನೆಲದಾಳದಲ್ಲಿ ಬಂಡೆ ಸಿಡಿದರೆ ನಮ್ಮ ಬೆಂಚುಗಳು ನಡುಗುತ್ತಿದ್ದವು. ಆ ಊರಿನಲ್ಲಿ ಅದು ಹೊಸತಲ್ಲ. ನಡುಕ ಬಂದೊಡನೆ ಮನೆಮನೆಯವರೂ ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಓಡುವುದು ರೂಢಿ. ಆ ಗುಂಪಿನಿಂದಾಗಿಯೇ ಗಾಯಾಳುಗಳ ಗಾಡಿ ಹೊರಡಲಾರದೆ ನಿಲ್ಲುವುದೂ ರೂಢಿ. ಆದ್ದರಿಂದ ಮೇಷ್ಟ್ರು ತಮ್ಮದೊಂದು ನಿಯಮ ಮಾಡಿದ್ದರು. ಹಲಗೆಯ ಮೇಲಿನ ಲೆಕ್ಕ ಒಡೆದು, ಮತ್ತೆ ಸೇರಿ, ತಾಳೆಯಾಗುವವರೆಗೆ ಯಾರೂ ಏಳಬಾರದು. ಅಷ್ಟರಲ್ಲಿ ದಾರಿ ತೆರವಾಗಿರುತ್ತದೆ ಎಂಬುದು ಅವರ ಎಣಿಕೆ.

ಒಂದು ಮಂಗಳವಾರದ ನಡುಕಕ್ಕೆ ಡಸ್ಟರು ಮೇಜಿನಿಂದ ಕೆಳಗೆ ಬಿತ್ತು. ಹಗಲು ಪಾಳಿಯಲ್ಲಿ ಅವರ ತಮ್ಮ ಕೆಳಗಿದ್ದಾನೆಂಬುದು ತರಗತಿಗೆಲ್ಲ ಗೊತ್ತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳ ತಂದೆಯೂ ಕೆಳಗಿದ್ದರು. ಮೇಷ್ಟ್ರು ಡಸ್ಟರನ್ನು ಎತ್ತಿಟ್ಟು ಹೊಸ ಲೆಕ್ಕ ಬರೆದರು. ಅಂಶದಲ್ಲಿ x ವರ್ಗಕ್ಕೆ ಒಂದು ಕೂಡಿಸಿದ್ದು, ಛೇದದಲ್ಲಿ x ವರ್ಗದಿಂದ ಒಂದು ಕಳೆದದ್ದು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

“ನೀವ್ ಓಗಿ ಸಾರ್. ನಾವ್ ಮಾಡ್ಕತೀವಿ.”

“ನಾನೋದ್ರೆ ನೀವ್ ಕೂತಿರ್ತೀರೇನ್ಲಾ?” ಎಂದರು, ಹಲಗೆಯಿಂದ ಮುಖ ತಿರುಗಿಸದೆ.

ಲೆಕ್ಕವನ್ನು ಎರಡು ಚೂರು ಮಾಡಿದರು. ಸೇರಿಸಿದರು. ಅಂಶದಲ್ಲಿ ಬರೀ ಎರಡು ಉಳಿಯಿತು. ಅಲ್ಲಿದ್ದ x ವರ್ಗ ಮಾಯವಾಗಿತ್ತು. ಒರೆಸಿ ಮೊದಲಿನಿಂದ ಮಾಡಿದರು. ಮತ್ತೆ ಅದೇ ಎರಡು. ಅಂಶದ ಘಾತ ಛೇದದ ಘಾತಕ್ಕಿಂತ ಕಡಿಮೆಯಿಲ್ಲದಿದ್ದರೆ ಮೊದಲು ಭಾಗಿಸಿ, ಪೂರ್ಣ ಭಾಗವನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಮಾತ್ರ ಒಡೆಯಬೇಕು. ಅದನ್ನು ನಮಗೆ ಕಲಿಸಿದವರೇ ಅವರು. ಅಂದು ಅವರಿಗದು ಹೊಳೆಯಲಿಲ್ಲ. ನಮ್ಮಲ್ಲಿ ಹಲವರಿಗೆ ಕಂಡಿತ್ತು. ಬಾಯಿ ಬಿಡುವ ಧೈರ್ಯವಿರಲಿಲ್ಲ. ಮೂರನೆಯ ಸಲ ಅವರು ಒರೆಸಲು ಕೈಯೆತ್ತಿದಾಗ ಮುಂದಿನ ಬೆಂಚಿನ ಆ ಹುಡುಗಿಯೇ ಮೆಲ್ಲಗೆ ಹೇಳಿದಳು.

“ಸಾರ್, ಮೊದ್ಲು ಭಾಗಿಸ್ಲಿಲ್ಲ.”

ಅವರು ಒರೆಸಲು ಎತ್ತಿದ್ದ ಕೈಯನ್ನು ಇಳಿಸಿದರು.

“ಅವುನಮ್ಮಾ,” ಎಂದರು. “ಭಾಗಿಸ್ಲೇ ಇಲ್ಲ.”

ಅವರ ತೆಲುಗು ಅಷ್ಟು ಮೃದುವಾಗಿದ್ದುದನ್ನು ನಾವು ಕೇಳಿದ್ದು ಅದೊಂದೇ ಸಲ. ಎಡಗಡೆ ಒಂದು ಬರೆದು, ಕೂಡಿಸುವ ಚಿಹ್ನೆ ಹಾಕಿ, ಎಲ್ಲವನ್ನೂ ಸೇರಿಸಿ ತಾಳೆ ತೋರಿಸಿದರು. ಹುಡುಗಿಯನ್ನು ಮೊದಲು ಕಳುಹಿಸಿ, ಕೈ ಒರೆಸಿಕೊಂಡು ತಾವೂ ಹೊರಟರು. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಗೇಟಿನವರೆಗೆ ನಡೆದೇ ಹೋದರು. ಅದರಾಚೆಗೆ ಹೇಗೆ ಹೋದರೋ... ಮರ ಅಡ್ಡವಿತ್ತು.

ಹುಡುಗಿಯ ತಂದೆ ಸಂಜೆ ಮೇಲೆ ಬಂದರು. ಮೇಷ್ಟ್ರು ತಲುಪುವ ಹೊತ್ತಿಗೆ ತಮ್ಮನ ಉಸಿರು ನಿಂತಿತ್ತೆಂದೂ ಸ್ವಲ್ಪ ಮುಂಚೆ ಹೋಗಿದ್ದರೆ ಒಂದು ಮಾತಾದರೂ ಸಿಗುತ್ತಿತ್ತೆಂದೂ ಊರು ಮಾತಾಡಿಕೊಂಡಿತು. ಅವರು ರಜೆ ಮುಗಿಸಿ ಬಂದು ಪಾಠ ಮುಂದುವರಿಸಿದರು. ಆಮೇಲೆ ಯಾವ ಲೆಕ್ಕ ಕೊಟ್ಟರೂ, ಅಗತ್ಯವಿರಲಿ ಬಿಡಲಿ, ಮೊದಲು ಅಂಶ ಛೇದಗಳ ಘಾತವನ್ನು ಗಟ್ಟಿಯಾಗಿ ಓದಿ ಹೋಲಿಸುತ್ತಿದ್ದರು. ತಾಳೆಯಾಗದ ಆ ಲೆಕ್ಕವೇ ಅವರಿಂದ ತಮ್ಮನ ಕೊನೆಯ ಮಾತನ್ನು ಕಸಿದುಕೊಂಡಿತೆಂದು ನಾನು ಇಷ್ಟು ವರ್ಷವೂ ನಂಬಿದ್ದೆ. ನನ್ನ ಕಸುಬಿನಲ್ಲಿ ಎರಡನೆಯ ಆಧಾರವಿಲ್ಲದೆ ಏನನ್ನೂ ನಂಬಿದವನಲ್ಲ, ಇದೊಂದನ್ನು ಬಿಟ್ಟು.

ಮೇಷ್ಟ್ರು ತೀರಿಕೊಂಡು ಬಹಳ ಕಾಲವಾಯಿತು. ಹೊಲವನ್ನು ಈಗ ಅವರ ಸೊಸೆ ನೋಡಿಕೊಳ್ಳುತ್ತಾರೆ. ಹಸುವಿಗೆ ಹುಲ್ಲು ಹೊತ್ತು ತರುತ್ತಿದ್ದ ಆಕೆ, ಕಲ್ಲಿಗೆ ಸುಣ್ಣ ಬಳಿದು ಕುಳಿತಿದ್ದ ನನ್ನನ್ನು ಕಂಡು, ಯಾರು ನೀವು, ಸರ್ವೆಯವರಾ ಎಂದು ಕೇಳಿದರು. ವಿಷಯ ತಿಳಿಸಿ, ಎದ್ದು ಕಲ್ಲಿನ ಮೇಲಿನ ಸಾವಿನ ದಿನಾಂಕವನ್ನು ಓದಿಕೊಂಡು, ಅದನ್ನು ಯಾರು ಕೆತ್ತಿಸಿದ್ದೆಂದು ವಿಚಾರಿಸಿದೆ.

“ಮಾವ್ನೋರೇ ನಿಂತು ಬರ್ಸಿದ್ದಂತೆ. ಅವ್ರು ತಪ್ಪು ಬರ್ಸ್ತಾರಾ?”

ಬರೆಸುವುದಿಲ್ಲ. ಮನೆಗೆ ಬಂದು ಶಾಶ್ವತ ಕ್ಯಾಲೆಂಡರಿನಲ್ಲಿ ಆ ದಿನಾಂಕದ ವಾರವನ್ನು ನೋಡಿದೆ. ಪಂಚಾಂಗದ ಜೊತೆಗೂ ಹೋಲಿಸಿದೆ. ಎರಡರಲ್ಲೂ ಅದು ಮಂಗಳವಾರವಲ್ಲ. ತಮ್ಮ ಮಂಗಳವಾರವೇ ಸಾಯದೆ, ಅಣ್ಣ ಪಕ್ಕದಲ್ಲಿರುವಂತೆ ಆಸ್ಪತ್ರೆಯಲ್ಲಿ ಕೆಲವು ದಿನ ಬದುಕಿದ್ದನೆ? ಹಾಗಿದ್ದರೆ ಮಾತು ಸಿಕ್ಕಿರಬಹುದು. ಅಥವಾ ನನ್ನ ಮಂಗಳವಾರವೇ ಸುಳ್ಳೆ? ಎರಡನ್ನೂ ಸೇರಿಸಿ ತೋರಿಸಬಲ್ಲವರು ಈಗ ಇಲ್ಲ, ನನಗೂ ಶಕ್ತಿಯಿಲ್ಲ. ಕಲ್ಲಿನ ಮೇಲಿನ ದಿನಾಂಕ ಬೀಳುವುದು ಭಾನುವಾರ. ಭಾನುವಾರ ನಮಗೆ ತರಗತಿ ಇರುತ್ತಿರಲಿಲ್ಲ.